ಡಾಂಬರಿಗಿಂತ ಮೊದಲು ಮಣ್ಣು

ಚಿ. ಭೂಮಿಕಾಳಿಗೆ,

ನೀನು ಎಕ್ಸ್‌ಪಲ್ಸ್ ಬೈಕು ಕೊಂಡ ಸುದ್ದಿಯನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ‘ನಿನ್ನ ಮಾತಾದರೆ ಕೇಳ್ತಾಳೆ ಅಣ್ಣ, ಸ್ಕೂಟರ್ ಸಾಕು ಅಂತ ಒಂದು ಮಾತು ಹೇಳು’ ಅಂದ. ಆ ಮಾತನ್ನು ನಾನು ಹೇಳುವುದಿಲ್ಲ. ಸರ್ವೀಸಿನುದ್ದಕ್ಕೂ ಮೋಟಾರ್ ಸೈಕಲ್ಲಿನ ಮೇಲೆ ಕೂತೇ ಅನ್ನ ದುಡಿದವನು ನಾನು. ನಮ್ಮ ಮನೆಯ ಹುಡುಗಿಗೆ ಅದು ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೆ ಈ ಜುಲೈನಲ್ಲಿ ಗೆಳತಿಯರ ಜೊತೆ ಚಾರ್ಮಾಡಿ ಘಾಟಿ ಇಳಿಯುವ ಯೋಚನೆ ನಿನಗಿದೆ ಎಂದೂ ಅವನು ಹೇಳಿದ. ಅದನ್ನು ಕೇಳಿದಾಗಿನಿಂದ ರಾತ್ರಿ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಪುರಸೊತ್ತು ಮಾಡಿಕೊಂಡು ಓದು.

ನಾನು ದನದ ಡಾಕ್ಟರಾಗಿ ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಹಳ್ಳಿಗಳಿಗೆ ಟಾರು ರಸ್ತೆ ಇದ್ದದ್ದು ಅಪರೂಪ. ಗಾಡಿ ಜಾಡು, ಕೆರೆ ಏರಿ, ಗದ್ದೆ ಬದು, ಇವೇ ನಮ್ಮ ದಾರಿ. ನನ್ನ ಹತ್ತಿರ ಇದ್ದದ್ದು ಯೆಜ್ಡಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಆ ಕಾರ್ಖಾನೆ 1961ರಲ್ಲಿ ಜಾವಾ ತಯಾರಿಸಲು ಶುರುಮಾಡಿ, ಆಮೇಲೆ ಅದಕ್ಕೇ ಯೆಜ್ಡಿ ಎಂದು ಹೆಸರಿಟ್ಟು, 1996ರಲ್ಲಿ ಬಾಗಿಲು ಹಾಕಿತು. ನಿಮಗೆಲ್ಲ ಈಗ ಅದು ಹಳೇ ಕಾಲದ ಪ್ರದರ್ಶನದ ವಸ್ತು. ನಮಗೆ ಅದು ಎತ್ತಿನಷ್ಟೇ ನಂಬಿಕೆಯ ಜೀವ. ಕಿಕ್ಕರ್ ಬೇರೆ, ಗೇರ್ ಬೇರೆ ಅಂತ ಇರಲಿಲ್ಲ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದಾಗಿತ್ತು. ಪೆಟ್ರೋಲ್ ಹಾಕಿಸುವಾಗಲೇ ಎಣ್ಣೆಯನ್ನೂ ಅಳತೆಮಾಡಿ ಬೆರೆಸಬೇಕಾಗಿತ್ತು. ಅದರ ಎರಡು ಸೈಲೆನ್ಸರಿನ ಸದ್ದು ಏರಿಯ ಮೇಲೆ ಕೇಳಿಸಿದರೆ ಸಾಕು, ರೈತರು ದನ ಹಿಡಿದು ಕಾಯುತ್ತಿದ್ದರು.

ಹಿಂದಿನ ಕ್ಯಾರಿಯರಿಗೆ ಒಂದು ಕ್ಯಾನು ಕಟ್ಟಿರುತ್ತಿದ್ದೆ. ಅದರೊಳಗೆ ದ್ರವ ಸಾರಜನಕ. ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನಷ್ಟು ತಣ್ಣಗೆ. ಕೃತಕ ಗರ್ಭಧಾರಣೆಯ ಕಡ್ಡಿಗಳು ಅದರಲ್ಲಿ ಮುಳುಗಿರಬೇಕು. ಸಾರಜನಕ ಆವಿಯಾಗುತ್ತಲೇ ಇರುವುದರಿಂದ ಕ್ಯಾನಿನ ಬಾಯನ್ನು ಬಿಗಿಯಾಗಿ ಮುಚ್ಚುವ ಹಾಗಿಲ್ಲ. ಗಾಡಿ ಮಗುಚಿದರೆ ದ್ರವ ಚೆಲ್ಲುತ್ತದೆ, ಕಡ್ಡಿಗಳು ಕೆಡುತ್ತವೆ, ಮೂರು ನಾಲ್ಕು ಊರಿನ ಹಸುಗಳ ಒಂದು ಬೆದೆ ವ್ಯರ್ಥವಾಗುತ್ತದೆ. ಇಪ್ಪತ್ತೊಂದು ದಿನ ಕಾಯುವ ಆ ರೈತನ ಮುಖ ನೋಡುವುದು ಕಷ್ಟ. ನನಗೆ ಗಾಡಿ ಓಡಿಸುವುದನ್ನು ಕಲಿಸಿದ್ದು ಆ ಕ್ಯಾನು. ಬ್ರೇಕನ್ನು ಮೆಲ್ಲಗೆ ಒತ್ತು, ಆಕ್ಸಿಲರೇಟರನ್ನು ಮೆಲ್ಲಗೆ ತಿರುವು, ಗುಂಡಿ ಎದುರಿಗೆ ಬರುವ ಮೊದಲೇ ನೋಡು ಎಂದು ಅದು ದಿನವೂ ಹೇಳುತ್ತಿತ್ತು.

ನಿನಗೆ ನಾನು ಹೇಳಬೇಕೆಂದಿರುವುದು ಇಷ್ಟೆ: ಘಾಟಿಗೂ ಹೈವೇಗೂ ಹೋಗುವ ಮೊದಲು ಮಣ್ಣಿನಲ್ಲಿ ಗಾಡಿ ಓಡಿಸಿ ಕಲಿ. ನಿಧಾನವಾಗಿ, ಎರಡನೇ ಗೇರಿನಲ್ಲಿ, ಒಂದಷ್ಟು ಭಾನುವಾರ.

ಕಾರಣ ಹೇಳುತ್ತೇನೆ. ಒಣ ಡಾಂಬರಿನ ಮೇಲೆ ಓಡಿಸುವಾಗ ಟೈರು ನೆಲಕ್ಕೆ ಅಂಟಿಕೊಂಡೇ ಇರುತ್ತದೆ ಅನ್ನಿಸುತ್ತದೆ. ತಿಂಗಳುಗಟ್ಟಲೆ ಓಡಿಸಿದರೂ ಅದು ಜಾರುವುದು ನಿನ್ನ ಅನುಭವಕ್ಕೆ ಬರುವುದಿಲ್ಲ. ಆಮೇಲೆ ಒಂದು ದಿನ ತಿರುವಿನಲ್ಲಿ ಜಲ್ಲಿ ಹರಡಿರುತ್ತದೆ, ಲಾರಿಯ ಡೀಸೆಲ್ ಸೋರಿರುತ್ತದೆ, ಇಲ್ಲವೇ ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ನೆನೆದು ಪದರ ಕಟ್ಟಿರುತ್ತದೆ. ಟೈರು ಮೊದಲ ಸಲ ಜಾರುವುದು ಆಗ, ಅರವತ್ತರ ವೇಗದಲ್ಲಿ. ಮೈ ಗಾಬರಿಬಿದ್ದು ಬಿಗಿಯುತ್ತದೆ, ಕೈ ಬ್ರೇಕನ್ನು ಅದುಮಿ ಹಿಡಿಯುತ್ತದೆ. ಮುಂದಿನ ಚಕ್ರ ಕೈಬಿಟ್ಟಿತೆಂದರೆ ಮುಗಿಯಿತು. ಮಣ್ಣಿನಲ್ಲಿ ಕಲಿತವರಿಗೆ ಜಾರುವುದು ಹೊಸದಲ್ಲ. ಅಲ್ಲಿ ಹದಿನೈದು, ಇಪ್ಪತ್ತರ ವೇಗದಲ್ಲೇ ಹಿಂದಿನ ಚಕ್ರ ಅತ್ತಿತ್ತ ಹೋಗುತ್ತದೆ, ಮತ್ತೆ ತಾನೇ ಹಾದಿಗೆ ಬರುತ್ತದೆ. ಗಾಡಿಯನ್ನು ಅದರ ಪಾಡಿಗೆ ಬಿಟ್ಟರೆ ನೆಟ್ಟಗೆ ನಿಲ್ಲುವ ಗುಣ ಅದಕ್ಕೇ ಇದೆ ಎಂದು ಕೈಗೆ ಗೊತ್ತಾಗುತ್ತದೆ. ಪುಸ್ತಕ ಓದಿಯೋ ವಿಡಿಯೋ ನೋಡಿಯೋ ಅದು ಗೊತ್ತಾಗುವುದಿಲ್ಲ.

ಮಣ್ಣಿನಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸುವುದನ್ನು ಕಲಿ. ನೋಡುವವರಿಗೆ ಅದು ಶೋಕಿ ಅನ್ನಿಸಬಹುದು, ಶೋಕಿಯಲ್ಲ. ನಿಂತಾಗ ನಿನ್ನ ಭಾರ ಸೀಟಿನಿಂದ ಪಾದಕ್ಕೆ ಇಳಿಯುತ್ತದೆ, ಮಂಡಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಗಾಡಿ ಕೆಳಗೆ ಎಷ್ಟು ಕುಣಿದರೂ ಮೈ ಸ್ಥಿರವಾಗಿರುತ್ತದೆ. ಕಣ್ಣಿಗೂ ಇನ್ನಷ್ಟು ದೂರ ಕಾಣುತ್ತದೆ. ಹ್ಯಾಂಡಲನ್ನು ಬಿಗಿಹಿಡಿಯಬೇಡ. ಮರಳು ಸಿಕ್ಕಿದಾಗ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಸ್ವಲ್ಪ ಹಿಂದಕ್ಕೆ ಸರಿದು ಒಂದೇ ಸಮ ಕೊಡುತ್ತಾ ಹೋಗು. ನಿನ್ನ ಗಾಡಿಯ ಮುಂದಿನ ಚಕ್ರ 21 ಇಂಚಿನದು. ಗುಂಡಿ, ಕಲ್ಲು ಹತ್ತಿ ಇಳಿಯಲೆಂದೇ ಅಷ್ಟು ದೊಡ್ಡದು ಮಾಡಿದ್ದಾರೆ, ಅದನ್ನು ನಂಬು. ಮತ್ತೆ, ಹೋಗಬೇಕಾದ ಕಡೆಗೇ ನೋಡು. ಕಲ್ಲನ್ನೇ ದಿಟ್ಟಿಸಿದರೆ ಕೈ ಗಾಡಿಯನ್ನು ಕಲ್ಲಿನ ಕಡೆಗೇ ಒಯ್ಯುತ್ತದೆ. ಘಾಟಿಯ ತಿರುವಿನಲ್ಲಿ ಎದುರು ಬಸ್ಸು ಬಂದಾಗಲೂ ಅಷ್ಟೆ: ಬಸ್ಸನ್ನಲ್ಲ, ಬಸ್ಸಿಗೂ ತಡೆಗೋಡೆಗೂ ನಡುವೆ ನಿನಗೆ ಉಳಿದಿರುವ ಜಾಗವನ್ನು ನೋಡು.

ಬ್ರೇಕಿನ ವಿಷಯ. ನಮ್ಮ ಕಾಲದಲ್ಲಿ ‘ಮುಂದಿನ ಬ್ರೇಕು ಹಿಡಿದರೆ ಮಗುಚಿ ಬೀಳ್ತೀಯ’ ಅಂತ ಎಲ್ಲರೂ ಹೆದರಿಸುತ್ತಿದ್ದರು. ಅದು ತಪ್ಪು. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಿಸುವ ಬಲ ಹೆಚ್ಚಾಗಿ ಇರುವುದು ಮುಂದಿನ ಚಕ್ರಕ್ಕೇ. ವೇಗ ಮೂವತ್ತರಿಂದ ಅರವತ್ತಕ್ಕೆ ಹೋದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದೂ ಬ್ರೇಕ್ ಹಿಡಿದ ಮೇಲಿನ ಲೆಕ್ಕ. ಅರವತ್ತರಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತದೆ. ನೀನು ಬೆಚ್ಚಿ ಕೈ ಆಡಿಸುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ನಿನ್ನ ಗಾಡಿಯಲ್ಲಿ ಎಬಿಎಸ್ ಇದೆ, ಅದು ಚಕ್ರ ಕಚ್ಚಿಕೊಳ್ಳದಂತೆ ತಡೆಯುತ್ತದೆ, ಸಂತೋಷ. ಆದರೆ ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಅದೇ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿದು ಗಾಡಿಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಇದನ್ನೂ ಮಣ್ಣಿನಲ್ಲಿ ನೀನೇ ಹಿಡಿದು ನೋಡಿ ತಿಳಿಯಬೇಕು.

ಘಾಟಿ ಇಳಿಯುವುದರಲ್ಲಿ ನನ್ನ ರೂಢಿಯನ್ನು ಅನುಸರಿಸಬೇಡ. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಎಂಜಿನ್ನಿಗೆ ಎಣ್ಣೆ ಸಾಲದೆ ಪಿಸ್ಟನ್ ಕಚ್ಚಿಕೊಳ್ಳುವ ಭಯ. ಅದಕ್ಕೆ ನಾವು ನ್ಯೂಟ್ರಲ್ ಮಾಡಿ, ಪೆಟ್ರೋಲೂ ಉಳಿಯಲಿ ಎಂದು ಎಂಜಿನ್ ಆರಿಸಿ ಇಳಿಯುತ್ತಿದ್ದೆವು. ಶಿರಾಡಿ ಘಾಟಿಯಲ್ಲಿ ಹಾಗೆ ಇಳಿಯುವಾಗ ಒಮ್ಮೆ ಡ್ರಮ್ ಬ್ರೇಕು ಕಾದು ಹಿಡಿಯುವುದನ್ನೇ ಬಿಟ್ಟಿತು. ಗುಡ್ಡದ ಕಡೆಯ ಚರಂಡಿಗೆ ಇಳಿಸಿ ನಿಲ್ಲಿಸಿದೆ. ನಿನ್ನದು ಫೋರ್ ಸ್ಟ್ರೋಕ್, ಎಣ್ಣೆ ಬೇರೆಯೇ ಇರುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಅರ್ಧ ಬ್ರೇಕಿನ ಕೆಲಸವನ್ನು ಎಂಜಿನ್ನೇ ಮಾಡುತ್ತದೆ.

ನಮ್ಮ ಕಡೆಯ ರಸ್ತೆಗಳ ಇನ್ನೊಂದು ಸಂಗತಿ ನೀನು ಬೆಂಗಳೂರಿನಲ್ಲಿ ಕಾಣಲಾರೆ. ಸುಗ್ಗಿಯಲ್ಲಿ ರೈತರು ರಾಗಿಯನ್ನೋ ಹುರುಳಿಯನ್ನೋ ಟಾರಿನ ಮೇಲೆ ಹರಡಿರುತ್ತಾರೆ. ಕಣ ಮಾಡುವ ಕಷ್ಟ ತಪ್ಪುತ್ತದೆ, ಓಡಾಡುವ ವಾಹನಗಳೇ ಒಕ್ಕಣೆ ಮಾಡಿಕೊಡುತ್ತವೆ. ಅವರ ಮೇಲೆ ಸಿಟ್ಟಾಗಬೇಡ, ಆಳುಗಳು ಸಿಗದ ಕಾಲ ಇದು. ಆದರೆ ಆ ಹುಲ್ಲಿನ ಕೆಳಗೆ ಉದುರಿರುವ ಹುರುಳಿ ಕಾಳಿನ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ. ಹುಲ್ಲು ಕಂಡ ಕೂಡಲೇ, ಅದರ ಮೇಲೆ ಹತ್ತುವ ಮೊದಲೇ ವೇಗ ಇಳಿಸು. ಹತ್ತಿದ ಮೇಲೆ ಬ್ರೇಕನ್ನೂ ಮುಟ್ಟಬೇಡ, ಹ್ಯಾಂಡಲನ್ನೂ ತಿರುಗಿಸಬೇಡ, ನೆಟ್ಟಗೆ ದಾಟಿಬಿಡು. ಮಂಡ್ಯದ ಕಡೆ ಹೋದರೆ ಕತ್ತಲಾದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳಿವೆ, ಹಿಂದೆ ದೀಪವಿಲ್ಲದವು. ಸಂಜೆ ಆರರೊಳಗೆ ಊರು ಸೇರುವ ಹಾಗೆ ಹೊರಡು.

ಮಣ್ಣಿನಲ್ಲಿ ಕಲಿ ಎಂದೆನೆಂದು ಬೆಟ್ಟದ ಹುಲ್ಲುಗಾವಲಿಗೆ ಗಾಡಿ ಹತ್ತಿಸಬೇಡ. ಘಟ್ಟದ ನೆತ್ತಿಯ ಹುಲ್ಲಿನ ಮೇಲೆ ಚಕ್ರದ ಗೀರು ಬಿದ್ದರೆ ಮಳೆನೀರು ಅದೇ ಗೀರಿನಲ್ಲಿ ಹರಿದು ಕೊರಕಲಾಗುತ್ತದೆ, ಆ ಮಣ್ಣು ಮತ್ತೆ ಮೇಲೆ ಬರುವುದಿಲ್ಲ. ಕಾಡಿನೊಳಗೆ ಅಪ್ಪಣೆಯಿಲ್ಲದೆ ನುಗ್ಗುವುದು ಕಾನೂನಿಗೂ ವಿರುದ್ಧ.

ಮಣ್ಣಿನಲ್ಲಿ ಓಡಿಸಿಯೇ ಹೆಸರು ಮಾಡಿದವರಿದ್ದಾರೆ. ಬೆಂಗಳೂರಿನ ಹುಡುಗಿ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದಳು. ಬಾಹಾ ಅಂದರೆ ಮಣ್ಣು, ಮರಳಿನ ಮೇಲೆ ನಡೆಯುವ ಪಂದ್ಯ. ಅದೇ ಊರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಕೊನೆ ಮುಟ್ಟಿಸಿದ ಮೊದಲ ಭಾರತೀಯ. ನಿಮ್ಮಪ್ಪನಿಗೆ ಇವರ ಹೆಸರುಗಳನ್ನು ಹೇಳಿದ್ದೇನೆ. ಸ್ವಲ್ಪ ಮೆತ್ತಗಾಗಿದ್ದಾನೆ. ಅವನ ಹೆದರಿಕೆಯನ್ನು ಹಗುರವಾಗಿ ನೋಡಬೇಡ. ನೀನು ಹುಟ್ಟಿದ ರಾತ್ರಿ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದನ್ನು ನಾನು ಕಂಡಿದ್ದೇನೆ. ಅವನ ಸಮಾಧಾನಕ್ಕಾದರೂ ಐಎಸ್‌ಐ ಗುರುತಿನ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕು, ಪಟ್ಟಿ ಬಿಗಿದುಕೋ. ಕಣಕಾಲು ಮುಚ್ಚುವ ಬೂಟು, ಕೈಗವಸು ಇರಲಿ. ವೇಲು ಹೊದ್ದು ಗಾಡಿ ಹತ್ತಬೇಡ.

ಚಾರ್ಮಾಡಿಯ ಮಾತಿಗೆ ಬರುತ್ತೇನೆ. ಜುಲೈನಲ್ಲಿ ಬೇಡ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಸಂಚಾರ ನಿಂತಿದ್ದ ದಾರಿ ಅದು. ಮಂಜು ಮುಸುಕಿದರೆ ಮುಂದಿನ ತಿರುವೇ ಕಾಣುವುದಿಲ್ಲ. ಮಳೆ ಕಳೆದು ನವೆಂಬರ್ ಬರಲಿ. ಅಷ್ಟರೊಳಗೆ ನಿನ್ನ ಕೈ ಪಳಗಿರುತ್ತದೆ, ಹಸಿರೂ ಎಲ್ಲಿಗೂ ಹೋಗಿರುವುದಿಲ್ಲ.

ಈಗ ನಮ್ಮೂರ ಕೆರೆಯ ನೀರು ಇಳಿದು ಅಂಗಳ ಒಣಗಿದೆ. ವಿಶಾಲವಾದ ಜಾಗ, ಬಿದ್ದರೂ ಮೆತ್ತನೆಯ ಮಣ್ಣು, ಅಡ್ಡ ಬರುವವರು ಯಾರೂ ಇಲ್ಲ. ಯುಗಾದಿಗೆ ಹೇಗೂ ಬರುತ್ತೀಯ. ಎರಡು ದಿನ ರಜೆ ಹೆಚ್ಚಿಗೆ ಹಾಕಿ ಗಾಡಿಯಲ್ಲೇ ಬಾ. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಡು, ಕುಣಿಗಲ್ಲಿನಲ್ಲಿ ಒಮ್ಮೆ, ಚನ್ನರಾಯಪಟ್ಟಣದಲ್ಲಿ ಒಮ್ಮೆ ನಿಲ್ಲಿಸಿ ಫೋನು ಮಾಡು. ಮಣ್ಣಿಗೆಂದು ಟೈರಿನ ಗಾಳಿ ಇಳಿಸಿ ಮತ್ತೆ ತುಂಬಲು ಪಂಪು ನನ್ನ ಹತ್ತಿರ ಇದೆ, ತರುವುದು ಬೇಡ. ನಿಮ್ಮಪ್ಪನನ್ನೂ ಹೊರಡಿಸಿಕೊಂಡು ಬಾ, ಅವನು ಬಸ್ಸಿನಲ್ಲಿ ಬರಲಿ. ನೀನು ಓಡಿಸುವುದನ್ನು ಅವನು ಕಣ್ಣಾರೆ ನೋಡಬೇಕು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ