ಹೈಬ್ರಿಡ್ ಎಸ್‌ಯುವಿ: ಬುಕ್ ಮಾಡುವ ಮುನ್ನ ಈ ಲೆಕ್ಕ ಹಾಕಿ

‘ಲೀಟರಿಗೆ 28 ಕಿಲೋಮೀಟರ್ ಕೊಡುತ್ತೆ ಸಾರ್, ಚಾರ್ಜಿಂಗ್ ಗೊಡವೇನೂ ಇಲ್ಲ’ ಎಂದು ಶೋರೂಮಿನ ಹುಡುಗ ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳ ಅಧಿಕೃತ ಮೈಲೇಜ್ 27.97. 2025ರಲ್ಲಿ ಬಂದ ಮಾರುತಿ ವಿಕ್ಟೋರಿಸ್‌ನದು 28.65. ಆದರೆ ಇವು ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಗಾಡಿ ಓಡಿಸಿ ತೆಗೆದ ಅಂಕಿಗಳು. ನೀವು ಓಡಿಸುವುದು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲೋ, ಹುಬ್ಬಳ್ಳಿ–ಬೆಳಗಾವಿ ಹೆದ್ದಾರಿಯಲ್ಲೋ, ಶಿರಾಡಿ ಘಾಟಿಯಲ್ಲೋ? ಈ ಮೂರು ಕಡೆ ಒಂದೇ ಹೈಬ್ರಿಡ್ ಮೂರು ಬೇರೆ ಗಾಡಿಗಳಂತೆ ವರ್ತಿಸುತ್ತದೆ. ಹಾಗಾಗಿ ಕಾರುಗಳನ್ನು ಹೋಲಿಸುವ ಮೊದಲು ನಿಮ್ಮ ಓಡಾಟವನ್ನು ಅಳೆಯಬೇಕು.

ಮೊದಲು ತಿಳಿಯಬೇಕಾದ್ದು: ಯಾವ ಹೈಬ್ರಿಡ್?

ಹೈಬ್ರಿಡ್ ಎಂಬ ಹೆಸರಿನಲ್ಲಿ ಎರಡು ಬೇರೆಬೇರೆ ಸರಕು ಮಾರಾಟವಾಗುತ್ತಿವೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಒಂದು ಪುಟ್ಟ ಮೋಟಾರ್ ಎಂಜಿನ್ನಿಗೆ ಆಗಾಗ ಕೈಜೋಡಿಸುತ್ತದೆ, ಸಿಗ್ನಲ್‌ನಲ್ಲಿ ಆಫ್ ಆದ ಎಂಜಿನ್ನನ್ನು ಮತ್ತೆ ಚಾಲೂ ಮಾಡುತ್ತದೆ, ಅಷ್ಟೆ. ಅದೊಂದೇ ಚಕ್ರ ತಿರುಗಿಸಲಾರದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಪೆಟ್ರೋಲ್ ಎಂಜಿನ್ ಪೂರ್ತಿ ನಿಂತಿದ್ದಾಗಲೂ ಗಾಡಿ ವಿದ್ಯುತ್ತಿನಿಂದ ಓಡುತ್ತದೆ. ಬ್ರೇಕ್ ಹಾಕಿದಾಗ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯಲ್ಲಿ ಒಂದಷ್ಟು ಬ್ಯಾಟರಿಗೆ ವಾಪಸ್ ಸೇರುತ್ತದೆ. ಪ್ಲಗ್ ಹಾಕಿ ಚಾರ್ಜ್ ಮಾಡುವ ಕೆಲಸವಿಲ್ಲ.

ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾದಲ್ಲಿ ಎರಡೂ ಬಗೆ ಸಿಗುತ್ತವೆ, ಗೊಂದಲ ಶುರುವಾಗುವುದೇ ಅಲ್ಲಿ. ಜಾಹೀರಾತಿನ ಮೈಲೇಜ್ ಸ್ಟ್ರಾಂಗ್ ಹೈಬ್ರಿಡ್‌ನದು, ಜಾಹೀರಾತಿನ ಆರಂಭಿಕ ಬೆಲೆ ಅದಲ್ಲದ ಮಾದರಿಯದು. ಮೈಲ್ಡ್ ಹೈಬ್ರಿಡ್ ಮ್ಯಾನ್ಯುಯಲ್‌ನ ಅಧಿಕೃತ ಮೈಲೇಜ್ 21ರ ಆಸುಪಾಸು. ‘ಎಂಜಿನ್ ನಿಂತಿರುವಾಗ ಗಾಡಿ ಚಲಿಸುತ್ತದೆಯೇ?’ ಎಂದು ಒಂದೇ ಪ್ರಶ್ನೆ ಕೇಳಿ. ಉತ್ತರದಲ್ಲಿ ‘ಆದರೆ’ ಬಂದರೆ ಅದು ಮೈಲ್ಡ್.

ಎಸ್‌ಯುವಿಯೇ ಆಗಬೇಕೆಂಬ ಹಟವಿಲ್ಲದವರು ಹೋಂಡಾ ಸಿಟಿಯ ಹೈಬ್ರಿಡ್ ಸೆಡಾನನ್ನೂ ನೋಡಬಹುದು. ಎತ್ತರ ಕಡಿಮೆಯಾದ್ದರಿಂದ ಹೆದ್ದಾರಿಯಲ್ಲಿ ಅದು ಹೆಚ್ಚು ಸ್ಥಿರ. ನಮ್ಮ ರೋಡ್ ಹಂಪುಗಳ ಮುಂದೆ ಮಾತ್ರ ಸ್ವಲ್ಪ ಅಂಜಿಕೆ.

ನಿಮ್ಮ ಕಿಲೋಮೀಟರ್ ಲೆಕ್ಕ

ಹೈಬ್ರಿಡ್ ಪೆಟ್ರೋಲ್ ಉಳಿಸುವುದು ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ. ಮಾಮೂಲಿ ಕಾರು ಪೆಟ್ರೋಲ್ ಕುಡಿಯುತ್ತಾ ನಿಂತಿರುವ ಜಾಗದಲ್ಲಿ ಇದು ಎಂಜಿನ್ ಆಫ್ ಮಾಡಿ ತೆವಳುತ್ತದೆ. ಅದೇ ಹೆದ್ದಾರಿಯಲ್ಲಿ ಗಂಟೆಗೆ 100ರ ವೇಗದಲ್ಲಿ ಹೋಗುತ್ತಿದ್ದರೆ ಬ್ರೇಕ್ ಹಾಕುವ ಪ್ರಸಂಗವೇ ಕಡಿಮೆ, ಬಹುಪಾಲು ಕೆಲಸ ಎಂಜಿನ್ನಿನದೇ. ಆಗ ಮಾಮೂಲಿ ಪೆಟ್ರೋಲ್ ಕಾರಿಗೂ ಇದಕ್ಕೂ ಅಂತರ ಕುಗ್ಗುತ್ತದೆ.

ಒಂದು ಲೆಕ್ಕ ಹಾಕೋಣ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಆಟೊಮ್ಯಾಟಿಕ್ 13, ಸ್ಟ್ರಾಂಗ್ ಹೈಬ್ರಿಡ್ 21 ಕೊಡುತ್ತದೆ ಎಂದು ಊಹಿಸಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಮೊದಲನೆಯದಕ್ಕೆ ಸುಮಾರು 7,900 ರೂಪಾಯಿ, ಎರಡನೆಯದಕ್ಕೆ 4,900. ಉಳಿತಾಯ 3,000. ಎರಡು ಗಾಡಿಗಳ ಆನ್‌ರೋಡ್ ಬೆಲೆಯ ವ್ಯತ್ಯಾಸ 2.4 ಲಕ್ಷವಾದರೆ ಆ ದುಡ್ಡು ವಾಪಸ್ ಬರಲು ಆರೂವರೆ ವರ್ಷ ಬೇಕು. ತಿಂಗಳಿಗೆ 1,500 ಕಿ.ಮೀ. ಆದರೆ ನಾಲ್ಕೂವರೆ ವರ್ಷ ಸಾಕು. 500 ಕಿ.ಮೀ. ಮಾತ್ರ ಓಡಿಸುವವರಿಗೆ ಹದಿಮೂರು ವರ್ಷ! ಇನ್ನು ಓಡಾಟವೆಲ್ಲ ಹೆದ್ದಾರಿಯಲ್ಲೇ, ಅಲ್ಲಿ ಪೆಟ್ರೋಲ್ ಕಾರು 17, ಹೈಬ್ರಿಡ್ ಅದೇ 21 ಕೊಡುತ್ತದೆ ಎಂದಾದರೆ 1,000 ಕಿ.ಮೀ.ಗೆ ಉಳಿಯುವುದು 1,150 ರೂಪಾಯಿಯಷ್ಟೆ. ವಾಪಸಾತಿಗೆ ಹದಿನೇಳು ವರ್ಷ. ಅಷ್ಟರಲ್ಲಿ ಗಾಡಿಯೇ ಗುಜರಿ ಸೇರಬಹುದು.

ಮೇಲಿನ ಮೈಲೇಜ್ ಅಂಕಿಗಳನ್ನು ಅಳಿಸಿ ನಿಮ್ಮವನ್ನು ಬರೆದುಕೊಳ್ಳಿ. ಈಗಿರುವ ಕಾರಿನ ಟ್ಯಾಂಕ್ ಭರ್ತಿ ಮಾಡಿ, ಓಡೋಮೀಟರ್ ಗುರುತು ಹಾಕಿ, ಮುಂದಿನ ಸಲ ಭರ್ತಿ ಮಾಡುವಾಗ ಎಷ್ಟು ಲೀಟರ್ ಹಿಡಿಯಿತೆಂದು ನೋಡಿದರೆ ಸಾಕು. ಹೈಬ್ರಿಡ್‌ನ ಅಂಕಿಗೆ ನಿಮ್ಮ ದಾರಿಯಲ್ಲೇ ಓಡಾಡುವ ಮಾಲೀಕರನ್ನು ಕೇಳಿ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಬೇಡಿ.

ಇನ್ನೊಂದು ಮಾತು. ಸ್ಟ್ರಾಂಗ್ ಹೈಬ್ರಿಡ್‌ಗಳು ಆಟೊಮ್ಯಾಟಿಕ್ಕೇ. ಮ್ಯಾನ್ಯುಯಲ್ ಗೇರಿನ ಪೆಟ್ರೋಲ್ ಕಾರಿನ ಬೆಲೆಯ ಪಕ್ಕ ಅದನ್ನು ಇಟ್ಟರೆ ಹೋಲಿಕೆ ಸರಿಯಾಗದು. ಆಟೊಮ್ಯಾಟಿಕ್ ಜೊತೆ ಆಟೊಮ್ಯಾಟಿಕ್, ಸನ್‌ರೂಫ್ ಇರುವುದರ ಜೊತೆ ಸನ್‌ರೂಫ್ ಇರುವುದು ಎಂದು ಜೋಡಿ ಮಾಡಿ ನೋಡಿ.

ಆನ್‌ರೋಡ್ ಬೆಲೆ ಬಿಡಿಸಿ ಕೇಳಿ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಮೀರಿದ, 1,200 ಸಿಸಿಗಿಂತ ದೊಡ್ಡ ಎಂಜಿನ್ನಿನ ಪೆಟ್ರೋಲ್ ಕಾರಿಗೆ ಶೇ 40. ಹೈಬ್ರಿಡ್ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. 4.3 ಮೀಟರ್ ಉದ್ದದ, 1.5 ಲೀಟರ್ ಎಂಜಿನ್ನಿನ ಈ ಗಾಡಿಗಳು ಆ ಪಟ್ಟಿಗೇ ಸೇರುತ್ತವೆ. ಎಲೆಕ್ಟ್ರಿಕ್ ಕಾರಿಗೆ ಶೇ 5 ಮಾತ್ರ.

ಕರ್ನಾಟಕದ ರಸ್ತೆ ತೆರಿಗೆ ದೇಶದಲ್ಲೇ ದುಬಾರಿ ಎನಿಸಿದವುಗಳಲ್ಲಿ ಒಂದು. 10ರಿಂದ 20 ಲಕ್ಷದ ಕಾರಿಗೆ ಶೇ 17, 20 ಲಕ್ಷ ದಾಟಿದರೆ ಶೇ 18, ಅದರ ಮೇಲೆ ಸೆಸ್. ಅಂದರೆ ಶೋರೂಂ ಬೆಲೆಯಲ್ಲಿ ಎರಡು ಲಕ್ಷ ಹೆಚ್ಚಾದರೆ ತೆರಿಗೆಯಲ್ಲೇ 34 ಸಾವಿರ ಹೆಚ್ಚುತ್ತದೆ. ವಾಪಸಾತಿ ಲೆಕ್ಕಕ್ಕೆ ಶೋರೂಂ ಬೆಲೆ ಹಿಡಿಯಬಾರದು ಎನ್ನುವುದು ಇದಕ್ಕೇ. 10 ಲಕ್ಷ ಮೀರಿದ ಗಾಡಿಗೆ ಶೇ 1 ಟಿಸಿಎಸ್ (ಮಾರುವವರೇ ಸಂಗ್ರಹಿಸುವ ಆದಾಯ ತೆರಿಗೆ) ಕೂಡ ಕಟ್ಟಬೇಕು, ಆದರೆ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದು. ಇದನ್ನು ಮರೆಯುವವರೇ ಹೆಚ್ಚು.

ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗಿನ ದರವನ್ನು ತೋರಿಸಿ, ಅವರದೂ ಇಳಿಯುತ್ತದೆ. ಕೊಟೇಷನ್‌ನಲ್ಲಿ ‘ಹ್ಯಾಂಡ್ಲಿಂಗ್’ ಎಂಬ ಸಾಲು ಕಂಡರೆ ಹೊಡೆದುಹಾಕಿಸಿ. ‘ಎಸೆನ್ಷಿಯಲ್ ಕಿಟ್’ ಎಂದರೆ ಮ್ಯಾಟು, ಮಡ್‌ಫ್ಲ್ಯಾಪು. ಬೇಕಿದ್ದರೆ ತಗೊಳ್ಳಿ.

ಟೆಸ್ಟ್ ಡ್ರೈವ್: ಶೋರೂಂ ಸುತ್ತ ಒಂದು ರೌಂಡ್ ಸಾಲದು

ಹೈಬ್ರಿಡ್‌ನ ಟೆಸ್ಟ್ ಡ್ರೈವ್‌ನಲ್ಲಿ ಮೋಸ ಹೋಗುವುದು ಸುಲಭ. ಬ್ಯಾಟರಿ ತುಂಬಿರುವಾಗ ಗಾಡಿ ಸದ್ದಿಲ್ಲದೆ ಹೊರಡುತ್ತದೆ, ಮನೆಯವರೆಲ್ಲ ‘ಎಷ್ಟು ಸ್ಮೂತ್!’ ಎಂದು ಅಲ್ಲೇ ಮುಂಗಡ ಕೊಟ್ಟುಬಿಡುತ್ತಾರೆ. ಹೈರೈಡರ್, ಗ್ರ್ಯಾಂಡ್ ವಿಟಾರಾದ ಬ್ಯಾಟರಿ 0.76 ಕಿಲೋವ್ಯಾಟ್ ಅವರ್‌ನದು, ಬಹಳ ಚಿಕ್ಕದು. ಹಾಗಾಗಿ ಬ್ಯಾಟರಿ ತಳ ಮುಟ್ಟಿರುವಾಗ ಒಮ್ಮೆ ಓಡಿಸಲೇಬೇಕು. ಎ.ಸಿ. ಹಾಕಿಕೊಂಡು ನಾಲ್ಕು ಜನ ಕೂತು ಫ್ಲೈಓವರ್ ಏರಿ. ಮೂರು ಸಿಲಿಂಡರಿನ ಎಂಜಿನ್ ಆಗ ಜೋರಾಗಿ ಕೂಗುತ್ತದೆ, ಕೂಗಿದಷ್ಟು ವೇಗ ಏರಿದಂತೆ ಅನಿಸುವುದಿಲ್ಲ. ಅದು ಕೆಟ್ಟಿಲ್ಲ, ಇ-ಸಿವಿಟಿ ಗೇರ್‌ಬಾಕ್ಸಿನ ಸ್ವಭಾವವೇ ಅದು. ನಿಮ್ಮ ಕಿವಿಗೆ ಒಗ್ಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವ ಅಭ್ಯಾಸವಿರುವವರಿಗೆ ಟರ್ಬೊ ಪೆಟ್ರೋಲ್ ಅಥವಾ ಡೀಸೆಲ್ ಕ್ರೆಟಾ, ಸೆಲ್ಟೋಸ್ ಹೆಚ್ಚು ಹಿಡಿಸಬಹುದು.

ಮಲೆನಾಡು, ಕರಾವಳಿಯ ಕಡೆಯವರು ಇಳಿಜಾರಿನ ವಿಷಯ ಕೇಳಿ ತಿಳಿದುಕೊಳ್ಳಬೇಕು. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಚಿಕ್ಕ ಬ್ಯಾಟರಿ ಬೇಗ ತುಂಬಿಹೋಗುತ್ತದೆ, ಆಮೇಲೆ ಶಕ್ತಿ ಹಿಡಿದಿಡಲು ಜಾಗವಿಲ್ಲ. ಅದಕ್ಕೇ ಗೇರ್ ಲಿವರ್‌ನಲ್ಲಿ ‘ಬಿ’ ಎಂಬ ಸ್ಥಾನವಿದೆ. ಅದಕ್ಕೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕ್ ಕಾಯುವುದಿಲ್ಲ. ಎಷ್ಟೋ ಮಾಲೀಕರು ಅದನ್ನು ಮುಟ್ಟಿಯೇ ಇರುವುದಿಲ್ಲ. ಕಾಫಿ ತೋಟದ ಕೆಸರು ದಾರಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಬೇಕೆನ್ನುವವರಿಗೆ ಹೈರೈಡರ್, ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ ಆಗದು. ಆಲ್ ವ್ಹೀಲ್ ಡ್ರೈವ್ ಇರುವುದು ಅವುಗಳ ಮೈಲ್ಡ್ ಹೈಬ್ರಿಡ್‌ನಲ್ಲಿ.

ಹಿಂದಿನ ಸೀಟಿನಲ್ಲಿ ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನು ಕೂರಿಸಿ. ದೊಡ್ಡ ಸನ್‌ರೂಫ್ ಇರುವ ಮಾದರಿಯಲ್ಲಿ ತಲೆ ಚಾವಣಿಗೆ ತಾಗುವುದುಂಟು.

ಡಿಕ್ಕಿ, ಬ್ಯಾಟರಿ, ಸರ್ವಿಸ್

ಬ್ಯಾಟರಿ ಹಿಂದೆ ಕೂರುವುದರಿಂದ ಸ್ಟ್ರಾಂಗ್ ಹೈಬ್ರಿಡ್‌ನ ಡಿಕ್ಕಿ ಸುಮಾರು 100 ಲೀಟರಿನಷ್ಟು ಚಿಕ್ಕದಾಗುತ್ತದೆ. ಕ್ಯಾಟಲಾಗಿನ ಅಂಕಿ ಬಿಡಿ, ಊರಿಗೆ ಹೋಗುವಾಗ ಒಯ್ಯುವ ಎರಡು ದೊಡ್ಡ ಸೂಟ್‌ಕೇಸ್ ಶೋರೂಮಿಗೆ ಒಯ್ದು ಇಟ್ಟು ನೋಡಿ. ನಗಬಹುದು, ನಗಲಿ. ಅಕ್ಕಿ ಮೂಟೆ, ತೆಂಗಿನಕಾಯಿ ತರುವವರಿಗಂತೂ ಇದು ದೊಡ್ಡ ವಿಷಯ.

‘ಬ್ಯಾಟರಿ ಹೋದರೆ ಗತಿಯೇನು?’ ಎಂಬ ಭಯಕ್ಕೆ ಉತ್ತರ ವಾರಂಟಿ ಪುಸ್ತಕದಲ್ಲಿದೆ. ಟೊಯೊಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತದೆ. ಬೇರೆ ಕಂಪನಿಯದನ್ನು ಇದರ ಪಕ್ಕ ಇಟ್ಟು ನೋಡಿ, ಗಾಡಿ ಮಾರಿದರೆ ಮುಂದಿನವರಿಗೆ ವರ್ಗವಾಗುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ. ನಿಜವಾಗಿ ಕೈಕೊಡುವುದು ಹೆಚ್ಚಾಗಿ ಆ ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಚಿಕ್ಕದು. ಗಾಡಿ ವಾರಗಟ್ಟಲೆ ನಿಂತರೆ ಅದು ಖಾಲಿಯಾಗಿ, ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಕಾರು ಏಳುವುದಿಲ್ಲ. ಊರಿನ ಮನೆಯಲ್ಲಿ ಕಾರು ನಿಲ್ಲಿಸಿ ವಿದೇಶಕ್ಕೆ ಹೋಗುವವರು ಇದನ್ನು ಗಮನದಲ್ಲಿಡಬೇಕು.

ಹೊರಗಿನ ಅಂಗಡಿಯಲ್ಲಿ ವೈರ್ ಕತ್ತರಿಸಿ ಹಾರ್ನು, ಲೈಟು ಹಾಕಿಸುವ ಚಾಳಿ ಇಲ್ಲಿ ಬೇಡ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಹರಿಯುವುದು ಜೀವ ತೆಗೆಯುವ ವೋಲ್ಟೇಜು. ವಾರಂಟಿ ಹೋಗುವುದು ಆಮೇಲಿನ ಮಾತು.

ಹೈಬ್ರಿಡ್ ಬೇಡ ಎನ್ನುವುದಾದರೆ

ಮನೆಯಲ್ಲೇ ಚಾರ್ಜಿಂಗ್ ಇದ್ದು, ದಿನದ ಓಡಾಟ ಊರೊಳಗೇ ಮುಗಿಯುವುದಾದರೆ ಎಲೆಕ್ಟ್ರಿಕ್ ಕಾರೇ ಅಗ್ಗ. ಅಪಾರ್ಟ್‌ಮೆಂಟ್ ಸಂಘ ಚಾರ್ಜರ್ ಹಾಕಲು ಬಿಡುತ್ತಿಲ್ಲವೆಂದರೆ ಹೈಬ್ರಿಡ್‌ಗೆ ಬನ್ನಿ. ದಿನವೂ ದೂರದ ಹೆದ್ದಾರಿ ಓಡಾಟವಿದ್ದರೆ ಡೀಸೆಲ್. ಆದರೆ ಮಕ್ಕಳನ್ನು ಶಾಲೆಗೆ ಬಿಟ್ಟುಬರಲು ಮಾತ್ರ ಡೀಸೆಲ್ ತಗೊಂಡರೆ ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಂಡು ಗ್ಯಾರೇಜ್ ಕಾಯಬೇಕಾಗುತ್ತದೆ. ಸಿಎನ್‌ಜಿ ಬಂಕ್ ನಿಮ್ಮ ದಾರಿಯಲ್ಲಿದ್ದರೆ ಅದೂ ಒಳ್ಳೆಯದೇ.

ಹೈಬ್ರಿಡ್ಡೇ ಎಂದು ತೀರ್ಮಾನಿಸಿ ಹೈರೈಡರ್, ಗ್ರ್ಯಾಂಡ್ ವಿಟಾರಾಗಳಲ್ಲಿ ಯಾವುದೆಂದು ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು: ಎರಡಕ್ಕೂ ಎಂಜಿನ್, ಮೋಟಾರ್, ಬ್ಯಾಟರಿ ಒಂದೇ, ಎರಡೂ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗಿ ಬಂದವು. ನಿಮ್ಮೂರಿಗೆ ಹತ್ತಿರದ ಸರ್ವಿಸ್ ಸೆಂಟರ್ ಯಾರದು, ರಿಯಾಯಿತಿ ಯಾರದು ಹೆಚ್ಚು, ಗಾಡಿ ಬೇಗ ಕೊಡುವವರು ಯಾರು ಎಂದು ನೋಡಿ ಆರಿಸಿದರೆ ಸಾಕು. ಬುಕ್ ಮಾಡಿದ ಮೇಲೂ, ನೋಂದಣಿಗೆ ಕಳಿಸುವ ಮೊದಲು ಯಾರ್ಡಿಗೆ ಹೋಗಿ ತಯಾರಾದ ತಿಂಗಳು, ಟೈರು, ಬಣ್ಣ, ಓಡೋಮೀಟರ್ ನೋಡಿ. ಬಾಕಿ ಹಣ ಅದಾದ ಮೇಲೆ ಕೊಡಿ.