ಎರರ್ ಬರಲಿಲ್ಲ, ಆದ್ರೆ ಉತ್ತರ ತಪ್ಪು: ಸಿಸಿಲಿಬ್‌ಗೆ ನಮ್ಮ ಕೋಡ್ ಸೇರಿಸೋದು ಹೇಗೆ?

ಕಳೆದ ಸೆಮಿಸ್ಟರ್‌ನಲ್ಲಿ ಸೀನಿಯರ್ ಅಕ್ಕ ಒಬ್ರು 12 ಐಸೋಮರ್‌ಗಳ ಲಾಗ್ ಫೈಲ್ ಕೊಟ್ಟು, "ಇದ್ರಲ್ಲಿರೋ ಎನರ್ಜಿ ಎಲ್ಲಾ ಒಂದು ಟೇಬಲ್‌ಗೆ ಹಾಕ್ಕೊಡೋ" ಅಂದ್ರು. ಎಲ್ಲವೂ ಗಾಸಿಯನ್ ಅನ್ನೋ ಕಂಪ್ಯೂಟೇಶನಲ್ ಕೆಮಿಸ್ಟ್ರಿ ಸಾಫ್ಟ್‌ವೇರ್‌ನ ಔಟ್‌ಪುಟ್. ಒಂದೊಂದೂ ಸಾವಿರಾರು ಸಾಲು. ನಾನು ಪೈಥಾನ್‌ನಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದೆ: ‘ಎಸ್‌ಸಿಎಫ್ ಡನ್’ ಅಂತ ಇರೋ ಸಾಲು ಹುಡುಕು, ಅಲ್ಲಿರೋ ಸಂಖ್ಯೆ ತೆಗೆ. ಒಂದು ಎರರ್ ಕೂಡ ಬರಲಿಲ್ಲ.

ರಿವ್ಯೂ ಹಿಂದಿನ ರಾತ್ರಿ ಅಕ್ಕನ ಫೋನ್: "ಫೈಲ್ ಕೊನೆ ತನಕ ನೋಡಿದ್ಯೇನೋ?" ನೋಡಿರಲಿಲ್ಲ. ಅವೆಲ್ಲ ಜಿಯಾಮೆಟ್ರಿ ಆಪ್ಟಿಮೈಸೇಶನ್ ಫೈಲ್‌ಗಳು. ಅಣುವಿನ ಆಕಾರವನ್ನ ಸ್ವಲ್ಪ ಸ್ವಲ್ಪವೇ ಬದಲಿಸ್ತಾ ಪ್ರತಿ ಹಂತದಲ್ಲೂ ಎನರ್ಜಿ ಲೆಕ್ಕ ಹಾಕೋದ್ರಿಂದ ‘ಎಸ್‌ಸಿಎಫ್ ಡನ್’ ಒಂದೇ ಫೈಲ್‌ನಲ್ಲಿ ಹಲವು ಸಲ ಬರುತ್ತೆ. ಬೇಕಾಗಿದ್ದು ಕೊನೆಯದು, ನಾನು ತಗೊಂಡಿದ್ದು ಮೊದಲನೆಯದು. ಯಾವ ಐಸೋಮರ್ ಹೆಚ್ಚು ಸ್ಥಿರ ಅನ್ನೋ ಕ್ರಮವೇ ಬದಲಾಗಿತ್ತು. ಅಕ್ಕ ಗಮನಿಸದಿದ್ರೆ ಅದೇ ರಿಪೋರ್ಟ್‌ಗೆ ಹೋಗ್ತಿತ್ತು.

ಆಮೇಲೆ ಗೊತ್ತಾಗಿದ್ದು, ಇದೇ ಕೆಲಸಕ್ಕೆ ಸಿಸಿಲಿಬ್ ಅನ್ನೋ ಓಪನ್ ಸೋರ್ಸ್ ಪೈಥಾನ್ ಲೈಬ್ರರಿ ಇದೆ ಅಂತ. ಗಾಸಿಯನ್, ಓರ್ಕಾ, ಎನ್‌ಡಬ್ಲ್ಯೂಕೆಮ್ ಎಲ್ಲವೂ ತಮ್ಮದೇ ರೀತಿಯಲ್ಲಿ ಪ್ರಿಂಟ್ ಮಾಡ್ತವೆ. ಸಿಸಿಲಿಬ್ ಅವನ್ನೆಲ್ಲ ಓದಿ, ಒಂದೇ ಹೆಸರಿನ ಅಟ್ರಿಬ್ಯೂಟ್‌ಗಳಲ್ಲಿ ಕೊಡುತ್ತೆ. ‘ಎಸ್‌ಸಿಎಫ್‌ಎನರ್ಜೀಸ್’ ಕೇಳಿದ್ರೆ ಪ್ರತಿ ಹಂತದ ಎನರ್ಜಿಯೂ ಸಾಲಾಗಿ ಸಿಗುತ್ತೆ.

ನಿಮಗೆ ಬೇಕಾದ ಸಂಖ್ಯೆಯನ್ನ ಅದು ಓದದಿದ್ರೆ? ನಾವೇ ಸೇರಿಸಬಹುದು. ಕ್ರಮ ಹೀಗೆ:

1. ಜಾಗ ಹುಡುಕಿ. ಒಂದೊಂದು ಸಾಫ್ಟ್‌ವೇರ್‌ಗೂ ಒಂದೊಂದು ಪಾರ್ಸರ್ ಕ್ಲಾಸ್ ಇದೆ. ಅದರೊಳಗಿನ ‘ಎಕ್ಸ್‌ಟ್ರಾಕ್ಟ್’ ಮೆಥಡ್‌ಗೆ ಲಾಗ್ ಫೈಲ್‌ನ ಸಾಲುಗಳು ಒಂದೊಂದಾಗಿ ಬರ್ತವೆ. ಅಲ್ಲಿ ನಮ್ಮದೊಂದು ‘ಇಫ್’ ಹಾಕಬೇಕು.

2. ಗುರುತು ಆರಿಸಿ. ಸಂಖ್ಯೆ ಬದಲಾದ್ರೂ ಬದಲಾಗದ ಪದಗಳು ಬೇಕು. ಟೇಬಲ್ ಆದ್ರೆ ಶೀರ್ಷಿಕೆಯ ಸಾಲು ಹಿಡಿದು ಮುಂದೆ ಓದಿ. ನಡುವಿನ ಖಾಲಿ ಸಾಲು, ಗೆರೆಗಳನ್ನ ದಾಟೋಕೆ ‘ಸ್ಕಿಪ್ ಲೈನ್ಸ್’ ಇದೆ. ದಾಟಿದ ಸಾಲು ನಿಜಕ್ಕೂ ಖಾಲಿಯಾ, ಗೆರೆಯಾ ಅಂತ ಅದು ಚೆಕ್ ಕೂಡ ಮಾಡುತ್ತೆ.

3. ಸಂಖ್ಯೆ ಓದೋವಾಗ ಹುಷಾರು. ಫೋರ್ಟ್ರಾನ್ ಕಾಲದ ಅಭ್ಯಾಸ ಇನ್ನೂ ಇದೆ: ಘಾತ ಬರೆಯೋಕೆ ‘ಇ’ ಬದಲು ‘ಡಿ’ ಅಕ್ಷರ ಬರಬಹುದು, ಜಾಗ ಸಾಲದಿದ್ರೆ ಸಂಖ್ಯೆಯ ಬದಲು ಬರೀ ನಕ್ಷತ್ರಗಳು. ಪೈಥಾನ್‌ನ ಫ್ಲೋಟ್ ಎರಡನ್ನೂ ಓದಲ್ಲ. ಇದಕ್ಕೆ ಸಿಸಿಲಿಬ್‌ನದೇ ಫ್ಲೋಟ್ ಬಳಸಿ.

4. ಯೂನಿಟ್ ನೋಡಿ. ಗಾಸಿಯನ್ ಎನರ್ಜಿ ಕೊಡೋದು ಹಾರ್ಟ್ರೀಯಲ್ಲಿ. ಸಿಸಿಲಿಬ್‌ನ 1ನೇ ಸರಣಿಯ ಆವೃತ್ತಿಗಳು ಕೊಡೋದು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ. 1 ಹಾರ್ಟ್ರೀ ಅಂದ್ರೆ ಸುಮಾರು 27.2114 ಎಲೆಕ್ಟ್ರಾನ್ ವೋಲ್ಟ್. -74.96 ಹಾರ್ಟ್ರೀ ಇದ್ರೆ ಸುಮಾರು -2039.8 ಆಗಬೇಕು.

5. ಟೆಸ್ಟ್ ಬರೆಯಿರಿ. ಸಿಸಿಲಿಬ್‌ನ ಟೆಸ್ಟ್‌ಗಳಲ್ಲಿ ಡೈವಿನೈಲ್‌ಬೆಂಜೀನ್ ಅನ್ನೋ ಒಂದೇ ಅಣುವನ್ನ ಬೇರೆ ಬೇರೆ ಸಾಫ್ಟ್‌ವೇರ್‌ನಲ್ಲಿ ರನ್ ಮಾಡಿದ ಫೈಲ್‌ಗಳಿವೆ. ಅದರಲ್ಲಿ 10 ಕಾರ್ಬನ್, 10 ಹೈಡ್ರೋಜನ್. ಯಾವ ಸಾಫ್ಟ್‌ವೇರ್‌ನ ಫೈಲ್ ಓದಿದ್ರೂ 20 ಪರಮಾಣು ಸಿಗಲೇಬೇಕು. ಸಿಗದಿದ್ರೆ ಪಾರ್ಸರ್ ತಪ್ಪು.

ಈ ಐದನೇ ಹಂತವನ್ನೇ ನಾವು ಬಿಟ್ಟುಬಿಡೋದು. ನಾನೂ ಬಿಟ್ಟಿದ್ದೆ. ಪ್ರೋಗ್ರಾಂ ಕ್ರ್ಯಾಶ್ ಆದ್ರೆ ತಕ್ಷಣ ಗೊತ್ತಾಗುತ್ತೆ, ಸರಿ ಮಾಡ್ತೀವಿ. ತಪ್ಪು ಸಾಲಿನಿಂದ ಬಂದ ಸಂಖ್ಯೆ ಮಾತ್ರ ಸರಿಯಾದ ಸಂಖ್ಯೆ ಥರಾನೇ ಟೇಬಲ್‌ನಲ್ಲಿ ಕೂತಿರುತ್ತೆ.

ಆ ರಾತ್ರಿ 12 ಫೈಲ್‌ಗಳನ್ನೂ ಕೊನೆಯಿಂದ ಓದಿ, ಎನರ್ಜಿಗಳನ್ನ ಒಂದೊಂದಾಗಿ ಕೈಯಾರೆ ಬರ್ಕೊಂಡೆ. ಈಗ ಯಾವ ಲಾಗ್ ಫೈಲ್ ಸಿಕ್ಕಿದ್ರೂ, ಕೋಡ್ ಬರೆಯೋ ಮುಂಚೆ ಮೊದಲಿಂದ ಕೊನೆವರೆಗೂ ಒಂದ್ಸಲ ಕಣ್ಣಾಡಿಸ್ತೀನಿ. ನೀವೂ ಹಾಗೇ ಮಾಡಿ.