ಮಿತ ಸಾಧನದಲ್ಲಿ ಆಟದ ದೃಶ್ಯಮುದ್ರಣ

ಜಗಳೂರು ಸೀಮೆಯ ರೈತನು ಕೊಳವೆಬಾವಿಯ ನೀರನ್ನು ನೋಡಿಕೊಂಡು ಬೆಳೆಯನ್ನು ಗೊತ್ತುಮಾಡುತ್ತಾನೆ. ಸಾಧಾರಣ ಗಣಕಯಂತ್ರದಲ್ಲಿ ವಿಡಿಯೋ ಆಟವನ್ನು ಮುದ್ರಿಸಿಕೊಳ್ಳಬಯಸುವ ವಿದ್ಯಾರ್ಥಿಗೂ ಇದೇ ವಿವೇಕವು ಅಗತ್ಯ.

ಈ ಕಾರ್ಯಕ್ಕೆ ಹಣ ತೆತ್ತು ತಂತ್ರಾಂಶವನ್ನು ಕೊಳ್ಳಬೇಕಾಗಿಲ್ಲ. 2012ರಲ್ಲಿ ಮೊದಲು ಹೊರಬಂದ ಓಬಿಎಸ್ ಉಚಿತವೂ ಮುಕ್ತವೂ ಆದುದು. ಕೊರತೆಯಿರುವುದು ಯಂತ್ರದ ಶಕ್ತಿಯಲ್ಲಿ. ಆಟವನ್ನು ನಡೆಸುವ ಮತ್ತು ಅದರ ದೃಶ್ಯವನ್ನು ಸಂಕೋಚಿಸಿ ಬರೆದಿಡುವ ಹೊರೆಗಳೆರಡೂ ಅದರ ಮೇಲೆಯೇ ಬೀಳುತ್ತವೆ. ಹೊರೆ ಮಿತಿಮೀರಿದರೆ ಫ್ರೇಮುಗಳು ತಪ್ಪಿ ದೃಶ್ಯವು ತಡವರಿಸುತ್ತದೆ.

1920×1080 ಬಿಂದುಗಳ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಹಿಡಿಯಲು ಯಂತ್ರವು ಸುಮಾರು 12.4 ಕೋಟಿ ಬಿಂದುಗಳನ್ನು ಸಂಸ್ಕರಿಸಬೇಕು. 1280×720 ಬಿಂದುಗಳ ಚಿತ್ರವನ್ನು 30 ಬಾರಿ ಹಿಡಿದರೆ ಸುಮಾರು 2.8 ಕೋಟಿ ಸಾಕು. ಮೊದಲಿನದು ಇದರ ನಾಲ್ಕೂವರೆ ಪಟ್ಟು! ಕಡಮೆ ಅಳತೆಯಲ್ಲಿಯೂ ಆಟವು ನೋಡುವವರಿಗೆ ಚೆನ್ನಾಗಿ ತಿಳಿಯುತ್ತದೆ.

ಇಂಟೆಲ್ ಸಂಸ್ಥೆಯು 2011ರಿಂದ ತನ್ನ ಅನೇಕ ಸಂಸ್ಕಾರಕಗಳಲ್ಲಿ ದೃಶ್ಯಸಂಕೋಚನಕ್ಕಾಗಿಯೇ ‘ಕ್ವಿಕ್ ಸಿಂಕ್’ ಎಂಬ ಪ್ರತ್ಯೇಕ ವಿಭಾಗವನ್ನು ಇರಿಸಿದೆ. ಅದಿದ್ದಲ್ಲಿ ಓಬಿಎಸ್‌ನಲ್ಲಿ ಅದನ್ನೇ ಆರಿಸಬೇಕು. ಸಂಸ್ಕಾರಕದ ಮುಖ್ಯ ಶಕ್ತಿಯು ಆಟಕ್ಕೆ ಉಳಿಯುತ್ತದೆ.

ಮುದ್ರಣದ ನಡುವೆ ವಿದ್ಯುತ್ತು ನಿಂತರೆ ಸಾಮಾನ್ಯ ಎಂಪಿ4 ಕಡತವು ಮತ್ತೆ ತೆರೆಯದೇ ಹೋಗಬಹುದು. ಎಂಕೆವಿ ರೂಪದಲ್ಲಿ ಬರೆದರೆ ಅಲ್ಲಿಯವರೆಗಿನ ಭಾಗವು ಬಹುಮಟ್ಟಿಗೆ ಉಳಿಯುತ್ತದೆ. ಅನಂತರ ಅದೇ ತಂತ್ರಾಂಶದಿಂದ ಗುಣವು ಕುಂದದಂತೆ ಎಂಪಿ4 ರೂಪಕ್ಕೆ ತರಬಹುದು.

ಮೊದಲು ಒಂದು ನಿಮಿಷ ಮುದ್ರಿಸಿ ಪರೀಕ್ಷಿಸುವುದು ಲೇಸು. ಈ ವಿದ್ಯೆ ಆಟಕ್ಕಷ್ಟೇ ಸೀಮಿತವಲ್ಲ. ಅಧ್ಯಾಪಕರು ಪರದೆಯ ಮೇಲೆ ಬಿಡಿಸಿ ತೋರಿಸುವ ಗಣಿತಪಾಠವನ್ನೂ ಹೀಗೆಯೇ ಮುದ್ರಿಸಿ, ಅಂದು ಶಾಲೆಗೆ ಬಾರದ ಮಗುವಿಗೂ ತಲುಪಿಸಬಹುದು. ಇದಕ್ಕಾಗಿ ಹೊಸ ಯಂತ್ರದ ದಾನವನ್ನು ಕಾಯಬೇಕಾಗಿಲ್ಲ.